ಹಲಸು ಹಣ್ಣಾಗುವ ದಿನಗಳ ಟಿವಿ

ತಿತಿಮತಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ಕಾಫಿ ಎಸ್ಟೇಟಿನ ಬೇಲಿ ಇದೆ. ಬೇಲಿಯಾಚೆ ಕೆಲವು ಹಲಸಿನ ಮರಗಳು, ಅವುಗಳಾಚೆ ಕೆಲಸದವರು ವಾಸಿಸುವ ಲೈನು, ಇನ್ನೂ ಆಚೆ ಆನೆ ದಾಟದಿರಲೆಂದು ತೋಡಿದ ಕಂದಕ, ಕಂದಕದಾಚೆ ಕಾಡು. ಕಂದಕದ ಒಂದು ಕಡೆ ಆನೆಗಳೇ ಮಣ್ಣು ಕೆಡವಿ ದಾರಿ ಮಾಡಿಕೊಂಡಿವೆ. ಹಾಗಾಗಿ ಹಲಸು ಹಣ್ಣಾಗುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಂಜೆಯ ಟಿವಿಗೆ ಸದ್ದಿರುವುದಿಲ್ಲ. ಚಿತ್ರ ಓಡುತ್ತದೆ, ಮಾತು ಕೇಳುವುದಿಲ್ಲ. ಕೊಂಬೆ ಮುರಿದದ್ದು, ನಾಯಿ ಬೊಗಳುವ ರೀತಿ ಬದಲಾದದ್ದು, ಲೈನಿನ ಕಡೆಯಿಂದ ಯಾರೋ ಕೂಗಿದ್ದು ನಮ್ಮ ಕಿವಿಗೆ ಬೀಳಬೇಕು. ಊರಿಗೆ ಹೊಸಬರಾಗಿ ಬಂದವರು ಇದನ್ನು ನೋಡಿ ನಗುತ್ತಾರೆ. ನಮಗೆ ಈಗ ಇದು ರೂಢಿ.

ಮನೆಯಲ್ಲಿ ನಾವು ನಾಲ್ವರು: ಅತ್ತೆ, ನನ್ನ ಯಜಮಾನರು, ಕಾಲೇಜಿಗೆ ಹೋಗುವ ಮಗಳು ಮತ್ತು ನಾನು. ಯಜಮಾನರು ಗೋಣಿಕೊಪ್ಪಲಿನಲ್ಲಿ ಸ್ಪ್ರಿಂಕ್ಲರ್ ಮೋಟಾರು ರಿಪೇರಿ ಮಾಡುತ್ತಾರೆ. ನಾನು ಅದೇ ಊರಿನಲ್ಲಿ ಒಂದು ಪತ್ರಿಕೆಯ ವರದಿಗಾರ್ತಿ. ಅತ್ತೆ ಬಹಳ ವರ್ಷ ತಿತಿಮತಿಯ ಬಸ್‌ಸ್ಟಾಪಿನ ಪಕ್ಕದಲ್ಲಿ ಹೋಟೆಲು ನಡೆಸಿದವರು. ನಾಲ್ಕು ಬೆಂಚು, ಒಂದು ಕಾವಲಿ, ಬೆಳಿಗ್ಗೆ ದೋಸೆ, ಸಂಜೆ ಬೋಂಡ. ಇಂಜಿನ್ ಆಫ್ ಮಾಡದೆ ನಿಂತ ಬಸ್ಸುಗಳ ಸದ್ದಿನಲ್ಲಿ ಗಿರಾಕಿಯ ಬಾಯಿ ಆಡುವುದನ್ನು ನೋಡಿಯೇ ತಟ್ಟೆ ಇಡುತ್ತಿದ್ದರಂತೆ. ಕೆಲವೊಮ್ಮೆ ಕೇಳಿದ್ದು ಒಂದು, ಬಂದದ್ದು ಇನ್ನೊಂದು ಆಗುತ್ತಿತ್ತೆಂದು ಯಜಮಾನರು ಹೇಳುತ್ತಾರೆ. ಆದರೂ ಯಾರೂ ತಟ್ಟೆ ಹಿಂದೆ ಕಳಿಸುತ್ತಿರಲಿಲ್ಲ, ಏಕೆಂದರೆ ಅತ್ತೆಗೆ ಎಲ್ಲರೂ ಹೆದರುತ್ತಿದ್ದರು.

ಹೋಟೆಲು ಮುಚ್ಚಿದ ಮೇಲೆ ಅವರು ಹಿಡಿದದ್ದು ರಿಮೋಟು. ಸಂಜೆ ದೀಪ ಹಚ್ಚಿದ ಮೇಲೆ ಊಟದವರೆಗೆ ಹಾಲ್‌ನಲ್ಲಿ ಅವರದೇ ಆಳ್ವಿಕೆ. ಯಜಮಾನರಿಗೆ ಹೊಡೆದಾಟದ ಸಿನಿಮಾ ಬೇಕು, ಮಗಳಿಗೆ ಕೊರಿಯಾದ ಧಾರಾವಾಹಿ, ನನಗೆ ಕೋರ್ಟಿನ ಕಥೆ. ಅತ್ತೆಗೆ ದೆವ್ವ ಬೇಕು. ಕನ್ನಡದ್ದೋ ಮಲಯಾಳದ್ದೋ ತಮಿಳಿನದ್ದೋ ಎಂಬ ಭೇದವಿಲ್ಲ. "ದೆವ್ವಕ್ಕೆ ಯಾವ ಭಾಷೆ?" ಎನ್ನುತ್ತಿದ್ದರು. ನಮ್ಮ ಪಾಳಿ ಬಂದಾಗ ನಮ್ಮದನ್ನೂ ಕೂತು ನೋಡುತ್ತಿದ್ದರು, ಪಾತ್ರಗಳನ್ನು ಬೈಯುತ್ತ. ಹೊಡೆದಾಟದ ಹೀರೋಗೆ "ಮೊದಲು ಉಂಡು ಹೋಗೋ" ಎನ್ನುತ್ತಿದ್ದರು. ಅವರಿಲ್ಲದೆ ಸಿನಿಮಾ ನೋಡಿದರೆ ಏನೋ ಉಪ್ಪು ಕಡಿಮೆಯಾದಂತಿರುತ್ತಿತ್ತು.

ಅವರ ಕಿವಿ ಮಂದವಾಗುತ್ತಿದೆ ಎಂಬುದು ನಮಗೆ ಗೊತ್ತಾದದ್ದು ಟಿವಿಯ ಸದ್ದಿನಿಂದ. ಅದು ತಿಂಗಳಿಂದ ತಿಂಗಳಿಗೆ ಏರುತ್ತ ಹೋಯಿತು. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ ಕಿವಿ ಮಿಷನ್ ಕೊಡಿಸಿದೆವು. ಮನೆಗೆ ಬಂದು ಹಾಕಿಕೊಂಡ ದಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಹಾಲಿನಲ್ಲಿ ಟಿವಿ ಓಡುತ್ತಿತ್ತು, ಮಗಳು ಮಿಕ್ಸಿ ಹಾಕಿದ್ದಳು. ಅತ್ತೆ ಮಿಷನ್ ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇದನ್ನ ಹಾಕ್ಕೊಂಡ್ರೆ ಬಸ್‌ಸ್ಟ್ಯಾಂಡೇ ತಲೆಯೊಳಗೆ ಬಂದು ಕೂತಂಗಾಗುತ್ತೆ ಕಣಮ್ಮ" ಎಂದರು.

ಮಿಷನ್ ಅದರ ಡಬ್ಬಿಗೆ ಹೋಯಿತು, ಡಬ್ಬಿ ದೇವರ ಗೂಡಿಗೆ ಹೋಯಿತು.

ಎಲ್ಲ ಬದಲಾದದ್ದು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿಯುತ್ತ ಬಂದ ಒಂದು ಸಂಜೆ. ಯಜಮಾನರು ಅಂಗಡಿಯಿಂದ ಬಂದಿರಲಿಲ್ಲ. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓದುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹಾಲಿನಲ್ಲಿ ಅತ್ತೆ ಒಬ್ಬರೇ ಕೂತು ಕಾಡುಪ್ರಾಣಿಗಳ ಕಾರ್ಯಕ್ರಮ ಹಾಕಿಕೊಂಡಿದ್ದರು. ಯಾವುದೋ ದೂರದೇಶದ ಬಯಲಿನಲ್ಲಿ ಆನೆ ಹಿಂಡು ನೀರಿಗಿಳಿಯುತ್ತಿತ್ತು. ಸದ್ದನ್ನು ಅದು ಏರುವಷ್ಟು ಏರಿಸಿದ್ದರು. ಆನೆಗಳು ಘೀಳಿಟ್ಟವು. ಟಿವಿಯ ಅಬ್ಬರ ದಿನವೂ ಇದ್ದದ್ದೇ, ನಾನು ಕಿವಿಗೊಡಲಿಲ್ಲ.

ನಮ್ಮ ಮನೆಯ ಎದುರಿನ ತಿರುವಿನಲ್ಲಿ ಎಸ್ಟೇಟಿನ ರೈಟರ್ ಅವರ ಮನೆ. ಕೆಲಸದವರ ಹಾಜರಿ, ಪಿಕ್ಕಿಂಗಿನ ತೂಕ ಎಲ್ಲ ಅವರ ಜವಾಬ್ದಾರಿ. ಮಲಯಾಳಂ ಮನೆಮಾತಿನವರು. ಸಂಜೆಯ ತೂಕ ಮುಗಿಸಿ ಬಂದು ಮುಖ ತೊಳೆಯುತ್ತಿದ್ದವರಿಗೆ ನಮ್ಮ ಅಂಗಳದಿಂದ ಆನೆ ಕೂಗಿದ್ದು ಕೇಳಿಸಿತು. ಆನೆ ಓಡಾಟದ ಸುದ್ದಿ ತಿಳಿಸಲೆಂದೇ ಊರಿನವರದೊಂದು ಫೋನಿನ ಗ್ರೂಪ್ ಇದೆ. ಅದಕ್ಕೆ ಅವರು ಕೂಡಲೇ ಧ್ವನಿ ಕಳಿಸಿದರು: ಪತ್ರಿಕೆ ಮೇಡಂ ಮನೆಯಂಗಳದಲ್ಲಿ ಆನೆ, ಒಂದಲ್ಲ, ಹಿಂಡು.

ಕೆಲಸದವರನ್ನು ಲೈನಿಗೆ ಕರೆತರುತ್ತಿದ್ದ ಟ್ರ್ಯಾಕ್ಟರು ಎಸ್ಟೇಟಿನ ಗೇಟಿನಲ್ಲೇ ನಿಂತಿತು. ಅರಣ್ಯ ಇಲಾಖೆಯವರ ಜೀಪು ಹೊರಟಿತು. ನನಗೆ ಕಚೇರಿಯಿಂದ ಫೋನು ಬಂತು.

"ಮೇಡಂ, ತಿತಿಮತಿಯಲ್ಲಿ ಯಾರದೋ ಮನೆಯಂಗಳಕ್ಕೇ ಆನೆ ಹಿಂಡು ನುಗ್ಗಿದೆಯಂತೆ. ನಿಮ್ಮ ಏರಿಯಾ. ಸ್ವಲ್ಪ ಖಚಿತ ಮಾಡ್ಕೊಳ್ಳಿ."

ಖಚಿತ ಮಾಡಿಕೊಳ್ಳಲು ಸೌಟು ಹಿಡಿದೇ ಹಿಂದಿನ ಕಿಟಕಿಗೆ ಹೋದೆ. ಏನೂ ಇರಲಿಲ್ಲ. ಮುಂದಿನ ಬಾಗಿಲು ತೆಗೆದರೆ ಜೀಪಿನ ದೀಪ ನೇರವಾಗಿ ನಮ್ಮ ಗೋಡೆಯ ಮೇಲಿತ್ತು. ಪಟಾಕಿಯ ಚೀಲ ಹಿಡಿದು ಇಳಿದವರೊಬ್ಬರು ಮೆಲ್ಲನೆ ಕೇಳಿದರು, "ಯಾವ ಕಡೆ ಇದೆ ಮೇಡಂ?" ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ನಮ್ಮ ಹಾಲಿನಿಂದ, ಇನ್ನೊಂದು ಆನೆ ಘೀಳಿಟ್ಟಿತು.

ಪಟಾಕಿಯ ಚೀಲದವರು ನನ್ನ ಹೆಗಲಾಚೆಯಿಂದ ಟಿವಿಯತ್ತ ಇಣುಕಿದರು. ಆಮೇಲೆ ಜೀಪಿನವರು ನಕ್ಕರು, ರೈಟರ್ ನಕ್ಕರು, ಜೀಪಿನ ಹಿಂದೆಯೇ ಟ್ರ್ಯಾಕ್ಟರಿನಿಂದ ಇಳಿದು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕಿಟಕಿಯ ಮೇಲೆ ಬೆಳಕು ಬಿದ್ದದ್ದನ್ನು ನೋಡಿ ಅತ್ತೆ ಹೊರಗೆ ಬಂದು ಗಾಬರಿಯಿಂದ ಕೇಳಿದರು.

"ಏನಾಯ್ತು? ಆನೆ ಬಂತಾ?"

ನಗು ಇನ್ನೂ ಜೋರಾಯಿತು. ರೈಟರ್ ಕೈಮುಗಿದು, "ಅಮ್ಮ, ನಿಮ್ಮ ಆನೆಗೆ ಸ್ವಲ್ಪ ಪದುಕ್ಕೆ ಕೂಗೋಕೆ ಹೇಳಿ" ಎಂದರು. ಪದುಕ್ಕೆ ಎಂದರೆ ಅವರ ಭಾಷೆಯಲ್ಲಿ ಮೆಲ್ಲಗೆ ಎಂದು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಅತ್ತೆಗೆ ಆ ಮಾತೂ ಕೇಳಿಸಲಿಲ್ಲ. ಎಲ್ಲರ ಮುಖ ನೋಡುತ್ತ ತಾವೂ ಸ್ವಲ್ಪ ನಕ್ಕರು. ಮಗಳು ಬಂದು ಅವರ ಕಿವಿಯ ಹತ್ತಿರ, ಊರಿಗೆಲ್ಲ ಕೇಳುವಷ್ಟು ಜೋರಾಗಿ, ನಡೆದದ್ದನ್ನು ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಅವರ ನಗು ನಿಂತಿತು.

ಮರುದಿನ ಸಂಜೆ ಅತ್ತೆ ಹಾಲಿಗೆ ಬರಲಿಲ್ಲ. ತಲೆನೋವು ಎಂದರು. ಅದರ ಮರುದಿನ ನಿದ್ದೆ ಎಂದರು. ರಿಮೋಟನ್ನು ಟಿವಿಯ ಪಕ್ಕ ಇಟ್ಟು ಹೋಗಿದ್ದರು. ಮುಂದೆ ಕಾರಣ ಹೇಳುವುದನ್ನೂ ಬಿಟ್ಟರು. ದೀಪ ಹಚ್ಚಿ ತಮ್ಮ ಕೋಣೆಗೆ ಹೋಗಿ ಮಂಚದ ಮೇಲೆ ಕೂರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಹೂಂ ಎನ್ನುತ್ತಿದ್ದರು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಪ್ರಶ್ನೆ ಯಾವುದೇ ಇರಲಿ, ಉತ್ತರ ಹೂಂ. ಬಸ್‌ಸ್ಟಾಪಿನಲ್ಲಿ ಡ್ರೈವರುಗಳನ್ನು ಗದರಿಸಿದ ಹೆಂಗಸು ಅವರೇ ಎಂದರೆ ನಂಬುವುದು ಕಷ್ಟವಾಗಿತ್ತು.

ನಾವು ನಮಗೆ ತೋಚಿದ್ದನ್ನೆಲ್ಲ ಮಾಡಿದೆವು. ಮಗಳು ತೆರೆಯ ಕೆಳಗೆ ಅಕ್ಷರ ಬರುವಂತೆ ಮಾಡಿದಳು, ಅದು ಬಂದದ್ದು ಇಂಗ್ಲಿಷಿನಲ್ಲಿ. ಯಜಮಾನರು ಮಿಷನಿನ ಮಾತೆತ್ತಿದರು, ಅತ್ತೆ ಎದ್ದು ಹೋದರು. ಗೋಣಿಕೊಪ್ಪಲಿನಲ್ಲಿ ನಮಗೆ ಪರಿಚಯದ ಡಾಕ್ಟರೊಬ್ಬರು, ಕಿವಿ ಹೋದವರು ನಿಧಾನವಾಗಿ ಮಾತನ್ನೂ ಬಿಟ್ಟುಬಿಡುತ್ತಾರೆ, ಅವರನ್ನು ನಾಲ್ಕು ಜನರಿಂದ ದೂರ ಕೂರಲು ಬಿಡಬೇಡಿ ಎಂದರು. ಮಿಷನನ್ನು ಮೊದಲು ಗಲಾಟೆಯಿಲ್ಲದ ಜಾಗದಲ್ಲಿ ಹಾಕಿ ಅಭ್ಯಾಸ ಮಾಡಿಸಿ ಎಂದೂ ಹೇಳಿದರು. ನಮ್ಮ ಮನೆಯಲ್ಲಿ ಗಲಾಟೆಯಿಲ್ಲದ ಜಾಗವೆಂದರೆ ಅವರ ಕೋಣೆ ಒಂದೇ. ಅಲ್ಲಿ ಕೇಳಿಸಿಕೊಳ್ಳಲು ಯಾರ ಮಾತೂ ಇರಲಿಲ್ಲ.

ಬೇಸಿಗೆಯಲ್ಲಿ ನಿಜವಾದ ಆನೆಗಳು ಬಂದವು.

ಬೇಲಿಯಾಚೆಯ ಹಲಸು ವಾಸನೆ ಬಿಡಲು ತೊಡಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಮರದ ಬುಡದ ಕಾಫಿ ಗಿಡಗಳು ನೆಲಕ್ಕೊರಗಿದ್ದವು, ಬೇಲಿಯ ಕಂಬ ವಾಲಿತ್ತು. ಗ್ರೂಪಿನಲ್ಲಿ ಮಾತಾಯಿತು. ಕತ್ತಲಾಗುವ ಹೊತ್ತಿಗೆ ಲೈನಿನಲ್ಲೂ ಕಾಡಂಚಿನ ಮನೆಗಳಲ್ಲೂ ಟಿವಿ, ರೇಡಿಯೋ ಏನೂ ಸದ್ದು ಮಾಡಬಾರದು. ಆನೆ ಹತ್ತಿರ ಬಂದದ್ದು ಕೇಳಿಸಿದರೆ ಕೂಡಲೇ ತಿಳಿಸಬೇಕು. ಹೆಂಗಸರು ನಲ್ಲಿಗೆ ಹೋಗುವುದು, ಗಂಡಸರು ಅಂಗಡಿಯಿಂದ ಮರಳುವುದು ಎಲ್ಲ ಅದೇ ಹೊತ್ತಿನಲ್ಲಿ.

"ಆಫ್ ಮಾಡೋದ್ಯಾಕೆ? ಸೌಂಡ್ ತೆಗೆದ್ರೆ ಸಾಕು" ಎಂದರು ಯಜಮಾನರು. ಹೊಡೆದಾಟಕ್ಕೆ ಮಾತು ಬೇಡ ಎಂಬುದು ಅವರ ಲೆಕ್ಕ. ಆದರೆ ಆ ಸಂಜೆ ಮಗಳು ಹಾಕಿದ್ದು ಒಂದು ದೆವ್ವದ ಸಿನಿಮಾ.

ಸದ್ದಿಲ್ಲದ ದೆವ್ವದಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ. ಬಾಗಿಲು ತೆರೆದುಕೊಳ್ಳುತ್ತದೆ, ಕಿರುಗುಟ್ಟುವುದಿಲ್ಲ. ಬಿಳಿ ಸೀರೆಯವಳು ಬಾಯಿ ತೆರೆಯುತ್ತಾಳೆ, ಆಕಳಿಸಿದಂತೆ ಕಾಣುತ್ತದೆ. ನಾವು ಮೂವರೂ ಪೆದ್ದರಂತೆ ತೆರೆ ನೋಡುತ್ತ ಕೂತಿದ್ದೆವು. ದೆವ್ವ ಒಬ್ಬ ಮುದುಕನ ಮುಂದೆ ನಿಂತು ಕೈ ಎತ್ತಿ ಏನೋ ಬಹಳ ಹೊತ್ತು ಹೇಳಿತು.

"ಏನ್ ಹೇಳ್ತಾ ಇದಾಳೋ" ಎಂದಳು ಮಗಳು.

"ಇನ್ನೇನ್ ಹೇಳ್ತಾಳೆ? ಹಿಟ್ಟು ಹುಳಿ ಬಂದಿಲ್ಲ, ನಾಳೆ ದೋಸೆ ಹೆಂಗೆ ಹುಯ್ಯೋದು ಅಂತಾಳೆ."

ತಿರುಗಿ ನೋಡಿದೆವು. ಅತ್ತೆ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗಳ ಮಾತು ಅವರಿಗೆ ಕೇಳಿಸಿರಲಾರದು. ಅವರು ತೆರೆಯನ್ನು ನೋಡಿ ತಮ್ಮಷ್ಟಕ್ಕೆ ಹೇಳಿದ್ದು. ಅಷ್ಟರಲ್ಲಿ ತೆರೆಯ ಮೇಲಿನ ಮುದುಕ ತಲೆಗೆ ಕೈ ಹೊತ್ತುಕೊಂಡ. ನಿಜಕ್ಕೂ ಹಿಟ್ಟು ಕೆಡಿಸಿಕೊಂಡವನಂತೆಯೇ ಇದ್ದ. ಯಜಮಾನರು ಸದ್ದು ಹೊರಡದಂತೆ ಬಾಯಿ ಮುಚ್ಚಿಕೊಂಡು ಸೋಫಾದ ಮೇಲೆ ಉರುಳಿದರು.

"ಯಾಕೋ ನಗ್ತೀಯ? ಅವಳೇನಾದ್ರೂ ಬೇರೆ ಹೇಳಿದ್ಲಾ?"

"ಗೊತ್ತಿಲ್ಲ ಅಜ್ಜಿ" ಎಂದು ಮಗಳು ಅವರ ಮುಖದೆದುರು ಬಂದು, ಕೈಯಾಡಿಸಿ, ಬಾಯಿ ಅಗಲಿಸಿ ಹೇಳಿದಳು. "ಯಾರಿಗೂ ಕೇಳಿಸ್ತಿಲ್ಲ. ಸೌಂಡ್ ತೆಗೆದಿದೀವಿ. ಆನೆಗೋಸ್ಕರ."

ಅತ್ತೆ ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು. ಚೊಂಬನ್ನು ಟೀಪಾಯಿಯ ಮೇಲಿಟ್ಟರು.

"ಯಾರಿಗೂ ಇಲ್ವಾ? ಹಂಗಾದ್ರೆ ಜರುಗು" ಎಂದು ಮಗನನ್ನು ಸೋಫಾದ ತುದಿಗೆ ತಳ್ಳಿ ತಮ್ಮ ಜಾಗದಲ್ಲಿ ಕೂತರು.

ಅಂದಿನಿಂದ ಸಂಜೆಗಳು ಅವರವಾದವು. ಅವರು ಪಾತ್ರಗಳಿಗೆ ಮಾತು ಕೊಡುತ್ತಿದ್ದರು, ನಾವು ಕೇಳುತ್ತಿದ್ದೆವು. ದನಿ ಮಾತ್ರ ತಗ್ಗಿಸಬೇಕಿತ್ತು, ಮಗಳು ಅಂಗೈ ಕೆಳಗೆ ಮಾಡಿ ತೋರಿಸುತ್ತಿದ್ದಳು. ಆಗ ನನಗೆ ಸಿನಿಮಾಗಳ ಬಗ್ಗೆ ಕೆಲವು ಸಂಗತಿ ತಿಳಿದವು. ಸದ್ದು ತೆಗೆದರೆ ಹೊಡೆದಾಟ ಬರೀ ವ್ಯಾಯಾಮ. ಹಾಸ್ಯ ಅರ್ಧ ಉಳಿಯುತ್ತದೆ. ಪ್ರೇಮಕಥೆಗೆ ಏನೂ ನಷ್ಟವಿಲ್ಲ, ಸ್ವಲ್ಪ ಲಾಭವೇ. ಅಡುಗೆ ಕಾರ್ಯಕ್ರಮ ಪೂರ್ತಿ ಉಳಿಯುತ್ತದೆ. ನನ್ನ ಪ್ರೀತಿಯ ಕೋರ್ಟಿನ ಕಥೆಯಲ್ಲಿ ಮಾತ್ರ ಕರಿಕೋಟಿನವರು ಬೆರಳು ತೋರಿಸುವುದರ ಹೊರತು ಬೇರೇನೂ ಉಳಿಯುವುದಿಲ್ಲ. ಅತ್ತೆ ಅದಕ್ಕೂ ಮಾತು ಹೊಂದಿಸಿದ್ದರು. ವಕೀಲರಿಬ್ಬರದೂ ಒಂದೇ ಜಗಳ, ಸಾಂಬಾರಿಗೆ ಬೇಳೆ ಹಾಕಿದ್ದು ಯಾರು, ನೀರು ಹಾಕಿದ್ದು ಯಾರು. ಜಡ್ಜ್ ಸುತ್ತಿಗೆ ಬಡಿದರೆ "ಎರಡನೇ ಸಲ ಚಟ್ನಿ ಇಲ್ಲ!" ಕೊರಿಯಾದ ಹುಡುಗಿ ಕಿಟಕಿಯ ಬಳಿ ಅತ್ತಾಗ, "ಪಾಪ, ಕೊನೇ ಬಸ್ಸು ಹೋಯ್ತು." ಆ ಮಾತು ಅದೆಷ್ಟು ಸರಿಯಾಗಿ ಹೊಂದಿತೆಂದರೆ ನನ್ನ ಕಣ್ಣೂ ಒದ್ದೆಯಾಯಿತು.

ರೈಟರ್ ಒಂದು ಸಂಜೆ ಬೇಲಿ ನೋಡಿಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಇಡೀ ದೆವ್ವದ ಕಥೆ ಕೇಳಿದರು. ಹೋಗುವಾಗ, "ಅಮ್ಮ, ನಾಳೆ ಎಷ್ಟು ಗಂಟೆಗೆ ಶೋ?" ಎಂದರು. ಅತ್ತೆ ಅವರ ತುಟಿ ನೋಡಿ ಅರ್ಥ ಮಾಡಿಕೊಂಡು ಹೇಳಿದರು, "ನೀನು ಆನೆ ಕರ್ಕೊಂಡು ಬಾ, ಶುರು ಮಾಡೋಣ." ಇಬ್ಬರೂ ನಕ್ಕರು. ಪಿಕ್ಕಿಂಗಿನ ಕಾಲದ ಆ ಸಂಜೆಯ ಮಾತನ್ನು ಅತ್ತೆ ಮೊದಲ ಸಲ ತಾವಾಗಿ ಎತ್ತಿದ್ದು ಅದು.

ಆದರೆ ಒಂದು ಕೊರತೆ ಉಳಿದಿತ್ತು. ನಾವು ಸದ್ದು ತೆಗೆದದ್ದು ಕಿವಿಗೊಡಲಿಕ್ಕೆ. ಸಿನಿಮಾ ನೋಡುತ್ತ ನಗುತ್ತ ಕೂತರೆ ಅದೂ ಆಗುವುದಿಲ್ಲ. ಅದಕ್ಕೆ ಯಜಮಾನರು ಒಂದು ಏರ್ಪಾಡು ಮಾಡಿದ್ದರು. ಹಿಂದಿನ ಕಿಟಕಿಯ ಬಳಿ ಒಂದು ಸ್ಟೂಲು. ಒಬ್ಬೊಬ್ಬರು ಸರದಿಯ ಮೇಲೆ ಅಲ್ಲಿ ಟಿವಿಗೆ ಬೆನ್ನು ಹಾಕಿ ಕೂತು ಹೊರಗಿನ ಸದ್ದು ಕೇಳಬೇಕು. ಯಜಮಾನರು, ಮಗಳು, ನಾನು, ಹೀಗೆ ಸರದಿ ತಿರುಗುತ್ತಿತ್ತು.

"ನನ್ನ ಸರದಿ ಯಾವಾಗ?" ಎಂದು ಅತ್ತೆ ಒಂದು ದಿನ ಕೇಳಿದರು.

"ನಿಂಗ್ಯಾಕಮ್ಮ ಅದೆಲ್ಲ" ಎಂದರು ಯಜಮಾನರು.

ಅತ್ತೆ ಸೋಫಾದ ತಮ್ಮ ಜಾಗಕ್ಕೆ ಹೋಗಿ ಕೂತರು. ಆ ಸಂಜೆ ದೆವ್ವಕ್ಕೂ ಮಾತು ಬರಲಿಲ್ಲ. ಅವರು ಮತ್ತೆ ಕೋಣೆ ಸೇರುತ್ತಾರೆಂದು ನನಗೆ ದಿಗಿಲಾಯಿತು. ಮರುದಿನ ದೀಪ ಹಚ್ಚಿ ಹಾಲಿಗೆ ಬಂದಾಗ ಅವರ ಕೈಯಲ್ಲಿ ದೇವರ ಗೂಡಿನ ಡಬ್ಬಿ ಇತ್ತು. ಅದನ್ನು ಮೊಮ್ಮಗಳ ಮಡಿಲಲ್ಲಿಟ್ಟರು.

"ಬ್ಯಾಟರಿ ಹಾಕಿ ಕೊಡೇ."

ಮಗಳು ಬ್ಯಾಟರಿ ಹಾಕಿ ಕೊಟ್ಟಳು. ಅವರು ಸ್ಟೂಲಿನ ಮೇಲೆ ಕೂತು ಮಿಷನ್ ಹಾಕಿಕೊಂಡರು. ಅಂದು ಹಾಲಿನಲ್ಲಿ ಬಸ್‌ಸ್ಟ್ಯಾಂಡ್ ಇರಲಿಲ್ಲ. ಟಿವಿ ಮೌನ, ಕುಕ್ಕರ್ ಇಳಿದಿತ್ತು, ಮಿಕ್ಸಿಗೆ ಕೆಲಸವಿರಲಿಲ್ಲ. ಡಾಕ್ಟರು ಹೇಳಿದ್ದ ಗಲಾಟೆಯಿಲ್ಲದ ಜಾಗವನ್ನು ಆನೆಗಳು ನಮ್ಮ ಮನೆಯ ನಡುಮಧ್ಯದಲ್ಲೇ ಮಾಡಿಕೊಟ್ಟಿದ್ದವು. ನಾನು ನೀರು ತರಲು ಎದ್ದೆ. ಅತ್ತೆ ತಿರುಗಿ ನೋಡಿದರು.

"ನಿನ್ನ ಮೊಣಕಾಲು ಸದ್ದು ಮಾಡುತ್ತೆ ಕಣಮ್ಮ. ಎಣ್ಣೆ ಹಚ್ಕೋ."

ಅವರಿಗೆ ಇನ್ನೂ ಏನೇನು ಕೇಳಿಸುತ್ತಿದೆ ಎಂದು ಮಗಳು ಕೇಳಿದಳು. ಗಡಿಯಾರ, ಹಲ್ಲಿ, ಫ್ಯಾನು, ನಿನ್ನ ಅಪ್ಪನ ಮೂಗು ಎಂದರು. ಮೊದಮೊದಲು ಸ್ವಲ್ಪ ಹೊತ್ತಿಗೇ ಸಾಕು ಎಂದು ತೆಗೆಯುತ್ತಿದ್ದರು. ದಿನಗಳೆದಂತೆ ತೆಗೆಯುವುದನ್ನು ಮರೆಯತೊಡಗಿದರು. ತಮ್ಮ ಸರದಿಯನ್ನು ಮಾತ್ರ ಒಂದು ಸಂಜೆಯೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಆನೆಗಳು ಮತ್ತೆ ಬಂದ ಸಂಜೆ ಸ್ಟೂಲಿನ ಮೇಲಿದ್ದವರು ಅವರೇ. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ನಾವು ಮೂವರು ಕೋರ್ಟಿನ ಕಥೆಗೆ ಅತ್ತೆಯನ್ನು ಅನುಕರಿಸಿ ನಾವೇ ಮಾತು ಹಾಕುತ್ತಿದ್ದೆವು, ಅವರಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅತ್ತೆ ಕೈ ಎತ್ತಿದರು. ನಾವು ಬಾಯಿ ಮುಚ್ಚಿದೆವು. ನನಗೆ ಏನೂ ಕೇಳಿಸಲಿಲ್ಲ. ಅವರ ಕೈ ಇಳಿಯಲಿಲ್ಲ. ಆಮೇಲೆ ಬೇಲಿಯಾಚೆ ಭಾರದ್ದೊಂದು ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆ ಕೊಂಬೆ ಸೀಳಿದ ಸದ್ದು ನಮಗೂ ಕೇಳಿಸಿತು. ಯಜಮಾನರು ಕಿಟಕಿಯಿಂದ ನೋಡಿದರು. ಗಾಳಿಯಿಲ್ಲದ ಹೊತ್ತಿನಲ್ಲಿ ಒಂದೇ ಒಂದು ಹಲಸಿನ ಮರ ಅಲ್ಲಾಡುತ್ತಿತ್ತು.

ನಾನು ಗ್ರೂಪಿಗೆ ಬರೆದೆ. ಕೂಡಲೇ ರೈಟರ್ ಅವರ ಧ್ವನಿ ಬಂತು.

"ಮೇಡಂ, ತಪ್ಪು ತಿಳ್ಕೋಬೇಡಿ. ಇದು ಟಿವಿ ಆನೆಯೋ, ಕಾಡಾನೆಯೋ?"

ಫೋನನ್ನು ಅತ್ತೆಯ ಕಿವಿಯ ಬಳಿ ಹಿಡಿದೆ. ಅವರು ಪೂರ್ತಿ ಕೇಳಿದರು. ಯಾರೂ ತಿರುಗಿ ಹೇಳಬೇಕಾಗಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಬಟನ್ ಒತ್ತಿಸಿಕೊಂಡು, ಪಿಸುದನಿಯಲ್ಲಿ ಹೇಳಿದರು.

"ಟಿವಿ ಬಾಯಿ ಮುಚ್ಕೊಂಡು ಕೂತಿದೆ ಕಣಪ್ಪ. ಇದು ಹಲಸಿನ ಹಣ್ಣು ತಿನ್ನೋ ಆನೆ. ಲೈನ್‌ನೋರನ್ನ ಒಳಗೆ ಕೂರಿಸು, ಆಮೇಲೆ ನಗು."

ಲೈನಿನಲ್ಲಿ ಹೆಂಗಸರು ಕೊಡ ಹಿಡಿದು ನಲ್ಲಿಗೆ ಹೊರಟಿದ್ದರಂತೆ. ರೈಟರ್ ತಡೆದು ಒಳಗೆ ಕಳಿಸಿದರು. ಆನೆಗಳು ತಿಂದಷ್ಟು ತಿಂದು, ಊಟದ ಹೊತ್ತಿಗೆ ಕಂದಕದ ದಾರಿ ಹಿಡಿದವು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಪತ್ರಿಕೆಗೆ ಸಣ್ಣದೊಂದು ಸುದ್ದಿ ಕೊಟ್ಟೆ: ಆನೆ ಬಂದದ್ದು, ಗಿಡ ಹಾಳಾದದ್ದು, ಜನಕ್ಕೆ ಅಪಾಯವಾಗದೆ ಹೋದದ್ದು. ಅತ್ತೆ ಆ ಸುದ್ದಿಯಲ್ಲಿ ಇರಲಿಲ್ಲ. ಅವರಿಗೆ ಅಲ್ಲಿ ಜಾಗವಿರಲಿಲ್ಲ, ಇಲ್ಲಿದೆ.

ಆನೆಯಿಂದ ಗಿಡ ಕಳೆದುಕೊಂಡವರು ನಮ್ಮ ನೆರೆಯಲ್ಲೇ ಇದ್ದಾರೆ. ಅವರೆದುರು ನಾನು ಆನೆಗಳಿಗೆ ಕೃತಜ್ಞಳಾಗಿದ್ದೇನೆ ಎಂದು ಹೇಳಲಾರೆ, ಹೇಳಲೂಬಾರದು. ಆದರೆ ಆ ಸಂಜೆಗಳಿಗೆ ಕೃತಜ್ಞಳಾಗಿದ್ದೇನೆ. ಯಾರಿಗೂ ಏನೂ ಕೇಳಿಸದ ಒಂದು ಕೋಣೆಗೆ, ಅದರಲ್ಲಿ ಎಲ್ಲರಿಗಿಂತ ಮೊದಲು ಮಾತಾಡಿದವರಿಗೆ, ಅವರಿಗೆ ಜಾಗ ಬಿಟ್ಟು ಜರುಗಿ ಕೂತ ಮಗನಿಗೆ, ನಗುತ್ತಲೇ ಬಾಗಿಲಲ್ಲಿ ನಿಂತ ರೈಟರ್ ಅವರಿಗೆ.

ಮಳೆ ಹಿಡಿಯಿತು, ಹಲಸು ಮುಗಿಯಿತು, ಆನೆಗಳು ಒಳಗಾಡಿನ ಕಡೆ ಸರಿದವು. ಟಿವಿಗೆ ಮತ್ತೆ ಸದ್ದು ಬಂತು. ಮೊದಲಿನಂತೆ ಏರಿಸುವ ಅಗತ್ಯವಿರಲಿಲ್ಲ. ಮಗಳು ಬೇಕೆಂದೇ ಮೊದಲ ದಿನದ ಆ ದೆವ್ವದ ಸಿನಿಮಾವನ್ನೇ ಹಾಕಿದಳು. ಅತ್ತೆ ಮಿಷನ್ ಹಾಕಿಕೊಂಡು ತಮ್ಮ ಜಾಗದಲ್ಲಿ ಕೂತಿದ್ದರು. ಬಿಳಿ ಸೀರೆಯವಳು ಮುದುಕನ ಮುಂದೆ ನಿಂತು ಕೈ ಎತ್ತಿದಳು. ಈ ಸಲ ಅವಳ ಮಾತು ಕೇಳಿಸಿತು. ತನ್ನ ಸಾವಿಗೆ ಸೇಡು ತೀರಿಸಿಕೊಳ್ಳುವೆ, ನಿನ್ನ ವಂಶವನ್ನೇ ಮುಗಿಸುವೆ ಎಂದೆಲ್ಲ ಹೇಳಿ ಗಹಗಹಿಸಿದಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಇಷ್ಟೇನಾ?" ಎಂದರು. "ಅಷ್ಟು ದಿನ ಇದನ್ನೇ ಹೇಳ್ತಿದ್ಲಾ? ಇದಕ್ಕಿಂತ ಹಿಟ್ಟಿನ ಮಾತೇ ವಾಸಿ. ಸೌಂಡ್ ತೆಗಿಯೇ."

ಮಗಳು ಸದ್ದು ತೆಗೆದಳು. ಹೆಂಚಿನ ಮೇಲೆ ಮಳೆ ಜೋರಾಗಿತ್ತು. ಅತ್ತೆ ಗಂಟಲು ಸರಿಪಡಿಸಿಕೊಂಡರು.